ಮಾರ್ಕ್ವಿಸ್ ಸಾಹೇಬರ ಎಡಗೈ

ರಾಣಿಯ ಆಳ್ವಿಕೆಯ ಆ ವರ್ಷಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸರ್ಕಾರ ಬಿದ್ದರೆ ಮಂತ್ರಿಯ ಹಿಂದೆಯೇ ಅವರ ಬಾಗಿಲು ಕಾಯುವವನೂ ಮನೆಗೆ ಹೋಗಬೇಕಿತ್ತು. ಸೆಲೆದೋನಿಯೊ ಅರಾನ್ಸ್ ಒಮ್ಮೆ ಹಾಗೆ ಹೋಗಿ ಎರಡು ಚಳಿಗಾಲ ಬರೀ ಕಡಲೆ ಸಾರು ಉಂಡವನು. ಮಾರ್ಕ್ವಿಸ್ ಎಂಬ ಬಿರುದಿನ ವಾಲ್ದೆಕೋರ್ಸಾದ ಸಿರಿವಂತರು ಮಂತ್ರಿಯಾದಾಗ ಬಾಗಿಲು ಕಾಯುವ ಕೆಲಸ ಮರಳಿ ಸಿಕ್ಕಿತು.

ಮಾರ್ಕ್ವಿಸ್‌ರ ಭಾವಚಿತ್ರ ಬರೆಸಲು ಆದೇಶವಾಯಿತು. ಮುಖ ಬರೆಯುವವರೆಗೆ ಅವರೇ ಕೂತರು, ಉಳಿದದ್ದಕ್ಕೆ ಪುರುಸೊತ್ತಿರಲಿಲ್ಲ. ಅವರಷ್ಟೇ ಎತ್ತರದ ಸೆಲೆದೋನಿಯೊ ಅವರ ಜರಿ ಕೋಟು, ಪದಕ ತೊಟ್ಟು ಚಿತ್ರಕಾರ ಇಲಾರಿಯೊ ಮುಂದೆ ನಿಂತ. ಕೆಳಗಿನ ಬೀದಿಯಲ್ಲಿ ಪತ್ರಿಕೆ ಮಾರುವವರು ಕೂಗಿದಾಗಲೆಲ್ಲ ಅವನ ಕತ್ತು ಕಿಟಕಿಯತ್ತ ಹೊರಳುತ್ತಿತ್ತು.

“ಏನಯ್ಯಾ, ಕೋಟಿನೊಳಗೆ ಇರುವೆ ಹೊಕ್ಕಿದ್ಯಾ?”

“ಸರ್ಕಾರ ಬಿತ್ತೇನೋ ಅಂತ, ಸ್ವಾಮಿ.”

“ಬಿದ್ರೆ ಇಲ್ಲಿಗೇ ಕೇಳ್ಸುತ್ತೆ. ಕೈ ಅಲ್ಲಾಡಿಸ್ಬೇಡ.”

ಈಸ್ಟರ್ ಕಳೆದ ವಾರ ಸರ್ಕಾರ ಬಿದ್ದೇಬಿಟ್ಟಿತು. ಹೊಸ ಮಂತ್ರಿ ಬಾಗಿಲು ಕಾಯಲು ತಮ್ಮವನನ್ನೇ ಕರೆತಂದರು. ಆದರೆ ಹಿಂದಿನವರ ಚಿತ್ರವನ್ನು ಗೋಡೆಗೇರಿಸುವುದು ಪದ್ಧತಿ. ಅದು ಮುಗಿಯುವವರೆಗೆ ಸೆಲೆದೋನಿಯೊ ಸಂಬಳದ ಮೇಲೆ ಇರಲಿ ಎಂದರು.

“ಇನ್ನೆಷ್ಟು ಬಾಕಿ?” ಹೆಂಡತಿ ತೋಮಾಸಾ ಕೇಳಿದಳು.

“ಎಡಗೈ ಒಂದೇ.”

“ಇಷ್ಟು ದಿನ ಸುಮ್ನೆ ನಿಲ್ಲೋಕೆ ಬರ್ಲಿಲ್ಲ ನಿಂಗೆ. ಈಗ್ಯಾಕೆ ಕಲೀತೀಯಾ?”

ಅವನು ಕಲಿಯಲಿಲ್ಲ. ಬೆರಳು ಒಮ್ಮೆ ಮಡಚಿಕೊಳ್ಳುತ್ತಿತ್ತು, ಒಮ್ಮೆ ಮೊಣಕೈ ತುರಿಸುತ್ತಿತ್ತು. ಇಲಾರಿಯೊ ಬರೆದದ್ದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಬೇಸಿಗೆ ಬಂತು. ಕೈ ಮಾತ್ರ ಬರಲಿಲ್ಲ.

ಒಂದು ಬೆಳಗ್ಗೆ ಅವರು ಗದರಲಿಲ್ಲ. ಬಹಳ ಹೊತ್ತು ಕುಂಚ ಆಡಿಸಿ, ಚಿತ್ರವನ್ನು ಅವನತ್ತ ತಿರುಗಿಸಿದರು. ಎಡಗೈ ಇರಬೇಕಾದಲ್ಲಿ ಬಿಳಿ ಗರಿಯ ದೊಡ್ಡ ಟೋಪಿಯೊಂದು ಕೂತಿತ್ತು.

“ಕೈ ಟೋಪಿ ಹಿಂದೆ ಇದೆ ಅಂದ್ಕೊ,” ಎಂದರು ಇಲಾರಿಯೊ. “ನೀನ್ ಯಾಕೆ ಅಲ್ಲಾಡ್ತಿದ್ದೆ ಅಂತ ನಂಗೊತ್ತಪ್ಪ. ಇದು ಮುಗೀದೆ ನಂಗೆ ಇನ್ನೊಂದು ಕೆಲ್ಸ ಕೊಡಲ್ಲ ಅಂತಾರೆ.”

ಸೆಲೆದೋನಿಯೊ ಟೋಪಿಯನ್ನೇ ನೋಡುತ್ತ ನಿಂತ. ಕೋಟಿನ ಗುಂಡಿಗೆ ಅವನ ಕೈ ಏಳಲಿಲ್ಲ. ಇಲಾರಿಯೊ ತಾವೇ ಬಿಚ್ಚಿದರು.

ಮರುದಿನ ಅವನು ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಕಂಡುಬಂದ. ಕೆಲಸ ಕಳೆದುಕೊಂಡವರ ಗುಂಪಿನಲ್ಲಿ ಕಾಲು ಬದಲಿಸಿ ಬದಲಿಸಿ ನಿಲ್ಲುತ್ತ, ಸಿಕ್ಕವರನ್ನೆಲ್ಲ ಕೇಳುತ್ತಿದ್ದ: “ಮಾರ್ಕ್ವಿಸ್ ಸಾಹೇಬ್ರು ಮತ್ತೆ ಯಾವಾಗ ಬರ್ತಾರಂತೆ?”