ಒಲೆ ಹಚ್ಚದ ಮನೆಯ ಬಿಸಿನೀರು

ಅವರ ಬಲಹುಬ್ಬಿನ ತುದಿ ಯಾವಾಗಲೂ ಸುಟ್ಟು ಮೊಟಕಾಗಿರುತ್ತಿತ್ತು. ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತುರುಕಿ, ಬಗ್ಗಿ ಊದಿ ಊದಿ ಆದದ್ದು. ಶಂಕರಪುರದ ನಮ್ಮ ಓನರಮ್ಮ ಮದುವೆಯಾಗಿರಲಿಲ್ಲ. ಸ್ಕೂಲ್ ಟೀಚರಾಗಿ ರಿಟೈರಾದವರು. ಹಿತ್ತಿಲಲ್ಲಿ ಸಾಲಾಗಿ ಮೂರು ಬಾಡಿಗೆ ಮನೆ. ನಡುವಿನದರಲ್ಲಿ ನಾನು, ನನ್ನ ಗಂಡ, ನನ್ನ ಸೀರೆಯ ಗಂಟುಗಳು. ಚಿಕ್ಕಪೇಟೆಯಿಂದ ಸೀರೆ ತಂದು ಮನೆಮನೆಗೆ ಮಾರುತ್ತಿದ್ದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ.

ತೊಂಬತ್ತರ ದಶಕದ ಕೊನೆಯಲ್ಲಿ ಓನರಮ್ಮ ತಾರಸಿ ಮೇಲೆ ಸೋಲಾರ್ ಬಿಸಿನೀರಿನ ಪ್ಯಾನೆಲ್ ಹಾಕಿಸಲು ಹೊರಟರು. "ಹಾಕಿದ ದುಡ್ಡು ಹುಟ್ಟೋವರೆಗೂ ನೀನಿರ್ತೀಯೇನಕ್ಕಾ?" ಎಂದು ಅವರ ಒಡಹುಟ್ಟಿದ ತಮ್ಮನೇ ಮುಖಕ್ಕೆ ಹೊಡೆದಂತೆ ಕೇಳಿದರು. ಅದು ಓನರಮ್ಮನಿಗೆ ನಾಟಿತು. ಸಂಜೆ ನನ್ನನ್ನು ಕರೆದರು.

"ನೀನು ವ್ಯಾಪಾರದವಳು. ನಿಜ ಹೇಳು. ನಾನು ಸಾಯೋದ್ರೊಳಗೆ ಇದು ಗಿಟ್ಟುತ್ತಾ?"

ಮುಖಸ್ತುತಿ ನನಗೆ ಬಾರದು. "ನೀವೊಬ್ರೇ ಎರಡು ಬಕೆಟ್ ಹುಯ್ಕೊಂಡ್ರೆ ಗಿಟ್ಟಲ್ಲ ಅಮ್ಮ. ಮಿಕ್ಕ ನೀರೆಲ್ಲ ದಂಡ. ಬಳಸೋ ಜನ ಜಾಸ್ತಿ ಇರ್ಬೇಕು."

"ಹಾಗಾದ್ರೆ ಜನ ಜಾಸ್ತಿ ಮಾಡೋಣ ಬಿಡು."

ಮೂರೂ ಬಾಡಿಗೆ ಮನೆಗೆ ಪೈಪು ಎಳೆಸಿದರು. ಡೀಲರ್ ಜೊತೆ ಜಗ್ಗಾಡಿ ಪೈಪಿನ ದುಡ್ಡು ಬಿಡಿಸಿದ್ದು ನಾನೇ. ಅದೇ ಹುಮ್ಮಸ್ಸಿನಲ್ಲಿ, ನಾನೂ ಬಾಡಿಗೆಯವಳೆಂಬುದು ಮರೆತು, "ಬಾಡಿಗೆ ಸ್ವಲ್ಪ ಏರಿಸ್ಬಿಡಿ" ಅಂದೆ.

"ಬಿಸಿಲಿಗೂ ಬಾಡಿಗೆ ಕೇಳ್ತಾರೇನೇ, ಮಂಕೇ!"

ಆ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬಚ್ಚಲ ಹಂಡೆ ಖಾಲಿ ಕೂತಿತ್ತು. ಓನರಮ್ಮ ಸೊಂಟ ಹಿಡಿದುಕೊಂಡು ತಾರಸಿಗೆ ಹತ್ತಿ, ಹಂಡೆಗೆ ಮಾಡುವ ಹಾಗೆಯೇ ಸೋಲಾರ್ ಟ್ಯಾಂಕಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿದರು. ಸರ್ವಿಸಿಗೆ ಬಂದ ಮೆಕ್ಯಾನಿಕ್ ತಲೆ ಕೆರೆದುಕೊಂಡ. ಅವರ ಹುಬ್ಬು ಅಷ್ಟರಲ್ಲಿ ಪೂರ್ತಿ ಬೆಳೆದಿತ್ತು.

ಯಾರ ಮನೆಗೆ ನೆಂಟರು ಬಂದು ಮಿಂದರೂ ಓನರಮ್ಮ, ದುಡ್ಡು ಹುಟ್ಟುವ ಲೆಕ್ಕ ಇಡುವವಳು ನಾನೇ ಎಂಬಂತೆ, ಕಾಂಪೌಂಡಿನಿಂದಲೇ ನನ್ನನ್ನು ಕೂಗುತ್ತಿದ್ದರು: "ಇದೂ ಲೆಕ್ಕಕ್ಕೆ ಸೇರಿಸ್ಕೊಳ್ಳೇ!"

ನನಗೆ ಮಗಳು ಹುಟ್ಟಿದಾಗ ಬಾಣಂತನಕ್ಕೆ ತಾಯಿ ಇರಲಿಲ್ಲ. ಓನರಮ್ಮನೇ ಸೆರಗು ಸಿಕ್ಕಿಸಿ ನಿಂತರು. ಬೆನ್ನಿಗೆ, ಸೊಂಟಕ್ಕೆ, ಚೊಂಬಿನ ಮೇಲೆ ಚೊಂಬು ಬಿಸಿನೀರು. "ಅಳೋದಾದ್ರೆ ಈಗಲೇ ಅತ್ತುಬಿಡು, ನೀರಲ್ಲಿ ಗೊತ್ತಾಗಲ್ಲ" ಅಂದರು. ಅತ್ತುಬಿಟ್ಟೆ. ಆಮೇಲೆ ಅವರು ಮೆಲ್ಲಗೆ, "ಇದೂ ಸೇರಿಸ್ಕೋ."

ಈಗ ಸೋಲಾರ್ ಬಗ್ಗೆ ಕೇಳಿದವರಿಗೆಲ್ಲ ನನ್ನ ಬುದ್ಧಿವಾದ ಒಂದೇ: ಗಾಜಿನ ಧೂಳು ಒರೆಸುತ್ತಿರಿ, ಕೊಳ್ಳುವ ಮೊದಲು ಮನೆಯ ತಲೆ ಎಣಿಸಿ. ಆ ತಲೆಗಳನ್ನು ಓನರಮ್ಮನಷ್ಟು ಧಾರಾಳವಾಗಿ ಎಣಿಸಿದವರನ್ನು ನಾನು ಕಂಡಿಲ್ಲ.

ಕೆಲವು ವರ್ಷಗಳ ನಂತರ, ಮಾಗಿಯ ಚಳಿಯಲ್ಲಿ, ಓನರಮ್ಮ ನಿದ್ದೆಯಲ್ಲೇ ಹೋದರು. ಸುಳ್ಳೇಕೆ, ಹಾಕಿದ ದುಡ್ಡು ಇನ್ನೂ ಪೂರ್ತಿ ಹುಟ್ಟಿರಲಿಲ್ಲ.

ಮಧ್ಯಾಹ್ನ ಓನರಮ್ಮನನ್ನು ಮೀಯಿಸಲು ಅವರ ತಮ್ಮನೇ ಸಂಪಿನಿಂದ ತಣ್ಣೀರು ಸೇದುತ್ತಿದ್ದರು.

"ತಣ್ಣೀರು ಬೇಡ" ಅಂದೆ.

"ಸಾವಿನ ಮನೇಲಿ ಒಲೆ ಹಚ್ಚೋ ಹಾಗಿಲ್ವಲ್ಲಮ್ಮ."

ನಾನು ಸೋಲಾರಿನ ನಲ್ಲಿ ತಿರುಗಿಸಿದೆ. ಹಬೆ ಎದ್ದಿತು. ಅವರ ತಮ್ಮ ಆ ನೀರಿಗೆ ಕೈಯೊಡ್ಡಿ ನೋಡಿದರು. ಆಮೇಲೆ ಚೊಂಬನ್ನು ನನ್ನ ಕೈಗಿಟ್ಟು, "ನೀವೇ ಹುಯ್ರಮ್ಮ" ಅಂದು ಹೊರಗೆ ಹೋದರು.

ಓನರಮ್ಮನ ಬೆನ್ನಿಗೆ ಮೊದಲ ಚೊಂಬು ಹುಯ್ಯುತ್ತಾ ಹೇಳಿದೆ: "ಇದೂ ಸೇರಿಸ್ಕೊಂಡೆ, ಅಮ್ಮ."