ಮೂರನೇ ಪುಟದ ಸೀಮೆಸುಣ್ಣ

ನನ್ನ ತಂಗಿ ಬರೆದ ಕಥೆಯನ್ನು ನಾನು ಹಾಸನದವರೆಗೆ ತೆಗೆದುಕೊಂಡು ಹೋದೆ, ಆದರೆ ಕೊಡಬೇಕಾದವರಿಗೆ ಕೊಡಲಿಲ್ಲ. ಕೊಟ್ಟೆ ಎಂದು ಅವಳಿಗೆ ಸುಳ್ಳು ಹೇಳಿದೆ. ಹನ್ನೊಂದು ವರ್ಷ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳ ರವಿಕೆಗಳನ್ನು ಹೊಲಿದೆ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ನಾನು ಹೊಳೆನರಸೀಪುರದಲ್ಲಿ ಟೈಲರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಟ್ಟೆಯ ವಿಷಯದಲ್ಲಿ ಇವತ್ತಿಗೂ ನನ್ನನ್ನು ಯಾರೂ ಏಮಾರಿಸಲಾರರು. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರೆ ಸಾಕು. ಬೂದಿಯಾದರೆ ಹತ್ತಿ, ಕರಗಿ ಗಂಟು ಕಟ್ಟಿದರೆ ಪಾಲಿಯೆಸ್ಟರ್. ಕಥೆಗಳೂ ನನಗೆ ಅಷ್ಟೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ತಂಗಿ ಆಗ ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ದಿನಾ ಪುಸ್ತಕದ ಚೀಲ ಹಿಡಿದು ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಭಾನುವಾರ ಅಂಗಡಿಗೆ ಬಂದು, ಇಸ್ತ್ರಿ ಮೇಜಿನ ಪಕ್ಕ ಕೂತು, ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುವಳು. ಕೇಳುವವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ನಮ್ಮಲ್ಲಿ ಉಕ್ಸು, ಹೆಮ್ಮಿಂಗು, ಸೀರೆ ಫಾಲ್ಸು ಎಲ್ಲ ಮಾಡುವ ಕೈಕೆಲಸದ ಅಕ್ಕ. ಅವರು ಹಳೇಕೋಟೆ ಕಡೆಯಿಂದ ದೊಡ್ಡ ಚೀಲ ಹಿಡಿದು ಬಸ್ಸಿಗೆ ಬರುವವರು. ಸಂಜೆ ಮಿಕ್ಕ ಬಟ್ಟೆಯನ್ನು ಅದೇ ಚೀಲದಲ್ಲಿ ಮನೆಗೆ ಒಯ್ಯುವವರು.

ಒಂದು ಧಾರಾವಾಹಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ವಾರಗಟ್ಟಲೆ ಬರೀ ಮಾತಾಡಿಕೊಂಡೇ ಇದ್ದರು. ನನಗೆ ತಾಳ್ಮೆ ಕೆಟ್ಟಿತು.

"ಇವ್ರಿಬ್ರಿಗೂ ಮದ್ವೆ ಆಯ್ತದಾ ಇಲ್ವಾ, ಅದೇಳು ಮೊದ್ಲು" ಎಂದೆ.

"ಕಂಡೋರಿಗೆಲ್ಲ ಮದ್ವೆ ಮಾಡ್ಸಕ್ಕೆ ನೀನೇನ್ ಬ್ರೋಕ್ರಾ ಅಣ್ಣ? ಅವ್ರು ಸ್ನೇಹಿತ್ರು ಕಣಣ್ಣ."

"ಗಂಡು ಹೆಣ್ಣು ಅದೆಂಗ್ ಬರೀ ಸ್ನೇಹಿತ್ರಾಗ್ತಾರೆ? ಬರ್ದೋರು ಮುಂದಿನ್ ವಾರ ಸರಿ ಮಾಡ್ತಾರೆ ಬುಡು."

ಅಕ್ಕ ಹಲ್ಲಿನಲ್ಲಿ ದಾರ ಕಡಿದು ನಕ್ಕರು. ತಂಗಿ ನನ್ನನ್ನೂ ಅಕ್ಕನನ್ನೂ ಒಂದು ಸಲ ನೋಡಿ, ಪುಟ ತಿರುಗಿಸಿದಳು.

ಆ ವರ್ಷವೇ ಅವಳು ತಾನೇ ಒಂದು ಕಥೆ ಬರೆದಳು. ಹಾಸನದಲ್ಲಿ ಒಂದು ಸಂಘದವರು ಕಥಾಸ್ಪರ್ಧೆ ಇಟ್ಟಿದ್ದರು. ಅವರ ಕಚೇರಿ ತೆರೆಯುವುದು ಮಧ್ಯಾಹ್ನ, ಆಗ ಅವಳಿಗೆ ಕ್ಲಾಸು. ಸೋಮವಾರ ನಾನು ಲೈನಿಂಗ್ ಬಟ್ಟೆ ತರಲು ಹಾಸನಕ್ಕೆ ಹೋಗುವ ವಾಡಿಕೆ. ಅವತ್ತೇ ಕೊನೇ ದಿನ. ಕಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟು, "ಬೆವರ್ ಕೈಲಿ ಮುಟ್ಬೇಡ ಕಣಣ್ಣ" ಎಂದಳು.

ಹಾಸನದಲ್ಲಿ ಇಳಿದು, ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಲಕೋಟೆಯ ಪಿನ್ನು ತೆಗೆದೆ. ಅಕ್ಷರದ ಕೆಳಗೆ ಬೆರಳಿಟ್ಟು ಓದುವವನು ನಾನು. ಮೂರು ಪುಟಕ್ಕೆ ಬಹಳ ಹೊತ್ತು ಹಿಡಿಯಿತು. ಕಥೆಯಲ್ಲಿ ಒಬ್ಬಳು ತೊಡೆಯ ಮೇಲೆ ಚೀಲ ಇಟ್ಟುಕೊಂಡು ದಿನಾ ಹಾಸನದ ಬಸ್ಸಿಗೆ ಬರುತ್ತಾಳೆ. ದಾರಿಯಲ್ಲಿ ಹತ್ತುವ ಹಾಲಿನ ಡೈರಿ ಸೆಕ್ರೆಟರಿಗೆ ಪಕ್ಕದ ಸೀಟು ಹಿಡಿದಿಡುತ್ತಾಳೆ. ಇಳಿದ ಮೇಲೆ ಇಬ್ಬರೂ ಬೈಟು ಕಾಫಿ ಕುಡಿಯುತ್ತಾರೆ. ಜನ ನೋಡುತ್ತಾರೆ. ಇವರು ಲೆಕ್ಕಕ್ಕೇ ಇಡುವುದಿಲ್ಲ.

ಹಾಸನದ ಬಸ್ಸು, ಚೀಲ, ಒಬ್ಬಳೇ ಹೆಂಗಸು. ಇದು ನನ್ನ ತಂಗಿಯದೇ ಕಥೆ, ಆ ಸೆಕ್ರೆಟರಿ ಎಲ್ಲೋ ಇದ್ದಾನೆ ಎಂದು ತೀರ್ಮಾನಿಸಿದೆ. ಹಿಂದಿನ ವಾರವಷ್ಟೇ ಅರಕಲಗೂಡಿನ ಗಂಡಿನ ಕಡೆಯವರು ಅವಳನ್ನು ನೋಡಿಕೊಂಡು ಹೋಗಿದ್ದರು. ಇದು ಅಚ್ಚಾಗಿ ಅವರ ಕೈಗೆ ಸಿಕ್ಕರೆ? ಜೇಬಿನಲ್ಲಿದ್ದ ಸೀಮೆಸುಣ್ಣದಿಂದ, ಬಟ್ಟೆಗೆ ಹಾಕುವ ಹಾಗೇ, ಓದಿ ನಿಲ್ಲಿಸಿದ ಜಾಗಕ್ಕೆ ಒಂದು ಗೆರೆ ಎಳೆದೆ. ಲೈನಿಂಗ್ ಬಟ್ಟೆ ಕಟ್ಟಿಸಿಕೊಂಡು ವಾಪಸು ಬಂದೆ.

"ಕೊಟ್ಟಾ ಅಣ್ಣ?"

"ಕೊಟ್ಟೆ ಕಣವ್ವ. ಇಸ್ಕೊಂಡ್ರು."

ಬಹುಮಾನದ ಪಟ್ಟಿ ಬಂತು. ಅವಳದು ಇರಲಿಲ್ಲ. "ಓದಿರ್ತಾರೆ ಬುಡಣ್ಣ, ಇಷ್ಟ ಆಗಿರಕಿಲ್ಲ" ಎಂದಳು. ಆಮೇಲೆ ಬರೆಯಲಿಲ್ಲ. ಅರಕಲಗೂಡಿಗೆ ಮದುವೆಯಾಗಿ ಹೋದಳು, ಒಳ್ಳೆಯ ಮನೆ. ನಮ್ಮ ಭಾನುವಾರದ ಓದು ಅಲ್ಲಿಗೆ ನಿಂತಿತು.

ಹೋದ ತಿಂಗಳು ಚನ್ನರಾಯಪಟ್ಟಣದ ಗಿರಾಕಿ ಹೆಂಗಸೊಬ್ಬರು ರವಿಕೆ ಕೇಳಲು ಬಂದರು. ನಾನೂ ಅಕ್ಕನೂ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುತ್ತಿದ್ದೆವು. ಆ ಹೆಂಗಸು ಲೋಟಗಳ ಕಡೆ ನೋಡಿ, "ಎಷ್ಟ್ ವರ್ಷದಿಂದ ಟೈಲರ್ರೇ, ಈ ಬೈಟು ಯವಾರ?" ಎಂದರು. ಮಾತು ಕಾಫಿಯದಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು.

ಅಕ್ಕ ತಲೆ ಎತ್ತಲಿಲ್ಲ. "ಅದ್ನಾರು ವರ್ಸ ಆಯ್ತು ಕಣವ್ವ. ನಿನ್ ರವಿಕೆ ಉಕ್ಸು ಮುಗೀಬೇಕಾದ್ರೆ ಇನ್ನೂ ಒಂದು ಬೈಟು ಆಗ್ಬೇಕು, ಕೂತ್ಕೋ."

ಹೆಂಗಸು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಹದಿನಾರು ವರ್ಷ ಒಂದೇ ಕಾಫಿ ಹಂಚಿಕೊಂಡಿದ್ದೇವೆ; ನನ್ನ ಹೆಂಡತಿಗೂ ಗೊತ್ತು, ಅವರ ಯಜಮಾನರಿಗೂ ಗೊತ್ತು. ನನ್ನ ಅಂಗಡಿಯಲ್ಲಿ ತಪ್ಪಲ್ಲದ್ದು ನನ್ನ ತಂಗಿಯ ಕಥೆಯಲ್ಲಿ ಹೇಗೆ ತಪ್ಪಾಯಿತು?

ಗಿರಾಕಿ ಹೋದ ಮೇಲೆ, ಮೊಳೆಗೆ ತೂಗುಹಾಕಿದ ಅಳತೆ ಕಾಗದಗಳ ಕಟ್ಟಿನ ನಡುವಿನಿಂದ ಆ ಲಕೋಟೆ ತೆಗೆದೆ. ಹರಿದುಹಾಕುವ ಧೈರ್ಯವೂ ನನಗೆ ಆಗಿರಲಿಲ್ಲ. ಸುಣ್ಣದ ಗೆರೆ ಹಾಗೇ ಇತ್ತು. ನಾಲ್ಕನೇ ಪುಟಕ್ಕೆ ಬೆರಳಿಟ್ಟೆ.

ನಾಲ್ಕನೇ ಪುಟದಲ್ಲಿ ಆ ಹೆಂಗಸು ಚೀಲ ಬಿಚ್ಚುತ್ತಾಳೆ. ಒಳಗೆ ಪುಸ್ತಕವಿಲ್ಲ, ಉಕ್ಸು ಹಾಕಬೇಕಾದ ರವಿಕೆಗಳಿವೆ. ಹಲ್ಲಿನಲ್ಲಿ ದಾರ ಕಡಿಯುತ್ತಾಳೆ. "ಬಿಚ್ಚಕ್ ಬಾರದೋನಿಗೆ ಹೊಲಿಯಕ್ಕೂ ಬರಾಕಿಲ್ಲ" ಎನ್ನುತ್ತಾಳೆ. ಅದು ನಮ್ಮ ಅಕ್ಕನ ಮಾತು, ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ. ಸೆಕ್ರೆಟರಿ ಅಂಗಿಯ ಚುಂಗಿನಲ್ಲಿ ಲೋಟ ಒರೆಸಿ, ನೊರೆ ಇರುವುದನ್ನು ಅವಳ ಕಡೆ ಸರಿಸುತ್ತಾನೆ. ಅದು ನಾನು, ಅಕ್ಕನಿಗೆ ದಿನಾ ಹಾಗೇ ಕೊಡುವವನು. ನಮ್ಮಿಬ್ಬರನ್ನೇ ಅವಳು ಅಂಗಡಿಯಿಂದ ಎತ್ತಿ ಬಸ್ಸಿನಲ್ಲಿ ಕೂರಿಸಿದ್ದಳು. ಕೊನೆಯಲ್ಲಿ ಸೆಕ್ರೆಟರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಕಡೇ ದಿನ, ಓಡುವ ಬಸ್ಸಿನಲ್ಲೇ, ಅವನ ತೋಳಿನ ಸಡಿಲ ಗುಂಡಿಯನ್ನು ಅವಳು ಭದ್ರವಾಗಿ ಹೊಲಿದುಕೊಟ್ಟು ಇಳಿದುಹೋಗುತ್ತಾಳೆ. ಮದುವೆ ಇಲ್ಲ, ಅಳು ಇಲ್ಲ. ಅದಕ್ಕಿಂತ ಗಟ್ಟಿಯಾದ ಕೊನೆಯನ್ನು ನಾನು ಯಾವ ಧಾರಾವಾಹಿಯಲ್ಲೂ ಕೇಳಿಲ್ಲ.

ಮೊನ್ನೆ ಭಾನುವಾರ ತಂಗಿ ರವಿಕೆ ಬಟ್ಟೆ ಕೊಡಲು ಬಂದಳು. ಅಕ್ಕನೂ ಇದ್ದರು. ಅಳತೆ ತೆಗೆಯುವ ಮೊದಲೇ ಲಕೋಟೆಯನ್ನು ಅವಳ ಮುಂದಿಟ್ಟೆ. ತನ್ನ ಅಕ್ಷರ ನೋಡಿದಳು. ಒಂದೊಂದೇ ಪುಟ ತಿರುಗಿಸಿ, ಸುಣ್ಣದ ಗೆರೆಯ ಮೇಲೆ ಬೆರಳಿಟ್ಟಳು.

"ಇಲ್ಲಿಗೇ ನಿಲ್ಲಿಸ್ಬುಟ್ಟಾ?"

"ಹೂಂ."

"ಇನ್ನೊಂದ್ ಹಾಳೆ ಮಗುಚಿದ್ರೆ ನೀನೇ ಇದ್ದೆ ಕಣಣ್ಣ."

ಅಕ್ಕ ಸೂಜಿ ಹಿಡಿದ ಕೈ ನಿಲ್ಲಿಸಿದರು. ನಾನು ಮಿಷನ್ನಿನಿಂದ ಎದ್ದು ನಿಂತೆ.

"ನಾನದ್ನ ಕೊಡ್ಲಿಲ್ಲ ಕಣವ್ವ. ಯಾರೂ ಓದೇ ಇಲ್ಲ, ಓದಿದ್ರೆ ಇಷ್ಟ ಆಗಿರೋದು. ಮೂರು ಪುಟಕ್ಕೇ ನಿನ್ ಮೇಲೆ ಅನುಮಾನ ಪಟ್ಟೆ, ಕೊಟ್ಟೆ ಅಂತ ಸುಳ್ಳೇಳ್ದೆ. ನಂದು ತಪ್ಪಾಯ್ತು ಕಣವ್ವ."