ಅತ್ತೆ ಕಂಡ ಮೊಲದ ಕೊಂಬು

ನಮ್ಮ ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ನೆಂಟರ ಎದುರೇ ಹೇಳಿ ನನ್ನ ಮಾನ ಕಳೆಯುವವರು. ಹಾಗಾಗಿ ನಾವು ಊರಿಗೆ ಹೋಗಿದ್ದ ಒಂದು ಭಾನುವಾರ ಅವರು ಸಿ.ಎಸ್. ಪುರದ ನಮ್ಮ ರಾಗಿ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದು, "ರಾಗಿ ನಡುವಿನ್ ಅಕ್ಕಡಿ ಸಾಲಲ್ಲಿ ಒಂದ್ ಮೊಲ ಅವರೆ ಮೇಯ್ತಿತ್ತು ಕಣಮ್ಮಿ. ಅದ್ರ ತಲೆ ಮ್ಯಾಲೆ ಕೊಂಬವೆ" ಎಂದಾಗ, ನಗುವುದೋ ನಂಬುವುದೋ ತಿಳಿಯದೆ ಕಾಫಿಗೆ ಎರಡೆರಡು ಸಲ ಸಕ್ಕರೆ ಹಾಕಿದೆ.

ಮಾವ ಜಗಲಿಯಿಂದಲೇ ನಕ್ಕರು. ಆಗದ ಕೆಲಸಕ್ಕೆಲ್ಲ 'ಮೊಲಕ್ಕೆ ಕೊಂಬು ಬಂದಾಗ ನೋಡಾನ' ಎನ್ನುತ್ತಲೇ ತಲೆ ನರೆತವರು ಅವರು. "ಮೊಲಕ್ಕಲ್ಲ, ನಿಂಗ್ ಬಂದದೆ ಕೊಂಬು" ಎಂದರು.

ನನ್ನ ಗಂಡ ನಗಲಿಲ್ಲ, ಅದೇ ತೊಂದರೆಯಾಯಿತು. ಅವ್ವನ ಕಣ್ಣು ಮಂಜಾಗಿದೆ ಎಂದು ತೀರ್ಮಾನಿಸಿಬಿಟ್ಟರು. ಹಾವುಗೀವು ಇರುವ ಕಡೆ ಇನ್ನು ಒಬ್ಬರೇ ಹೋಗುವುದು ಬೇಡ, ಹುಲ್ಲನ್ನು ಬೇರೆ ಯಾರಾದರೂ ತರಲಿ ಎಂದರು. ಹೊಲಕ್ಕೆ ಹೋಗಬೇಡ ಎಂದರೆ ಅತ್ತೆಗೆ ಉಸಿರಾಡಬೇಡ ಎಂದ ಹಾಗೆ. ಅಲ್ಲಿ ಅವರು ಹುಲ್ಲು ಕೊಯ್ಯುವುದಕ್ಕಿಂತ ಹೆಚ್ಚಾಗಿ, ನಮ್ಮೆಲ್ಲರಿಂದ ತಪ್ಪಿಸಿಕೊಂಡು ಒಂದು ಗಳಿಗೆ ತಮ್ಮ ಪಾಡಿಗೆ ತಾವಿರುತ್ತಾರೆ. ನನಗದು ಚೆನ್ನಾಗಿ ಗೊತ್ತು. ನಾನು ಆಫೀಸಿಗೆ ಹೋಗುವುದೂ ಅರ್ಧ ಅದಕ್ಕೇ.

ಕೆಲಸಕ್ಕೆಂದು ನಾನೂ ಗಂಡನೂ ಬಾಡಿಗೆ ಮನೆ ಮಾಡಿರುವುದು ಪಟ್ಟಣದ ಬಟವಾಡಿಯಲ್ಲಿ. ಅಲ್ಲಿಯ ಕಣ್ಣಿನ ಕ್ಲಿನಿಕ್ಕಿಗೆ ಅತ್ತೆಯನ್ನು ಕರೆದೊಯ್ದೆವು. ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ಅತ್ತೆ ಕಿಟಕಿಯಾಚೆ ನೋಡಿ, "ಆ ಆಟೋದವನ್ ಅಂಗೀಲಿ ಒಂದ್ ಗುಂಡಿ ಇಲ್ಲ" ಎಂದರು. ಇಳಿದುಹೋಗಿ ನೋಡಿದೆ, ನಿಜವಾಗಿಯೂ ಇರಲಿಲ್ಲ. ಇದರಿಂದ ಕೇಸು ಇನ್ನಷ್ಟು ಕೆಟ್ಟಿತು. ಕಣ್ಣು ಸರಿಯಿದ್ದೂ ಕೊಂಬು ಕಾಣುತ್ತದೆ ಎಂದರೆ ತಲೆಯ ಡಾಕ್ಟರಿಗೇ ತೋರಿಸಬೇಕಲ್ಲ ಎಂದು ಗಂಡ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ವಾರ ಗಂಡನ ಜೊತೆ ಊರಿಗೆ ಹೋದವಳು ಬೆಳಕು ಹರಿಯುವ ಮೊದಲೇ ಅತ್ತೆಯ ಜೊತೆ ಹೊಲದ ಬದುವಿನ ಮೇಲೆ ಕೂತೆ. ಇಬ್ಬನಿಗೆ ಸೀರೆ ಒದ್ದೆಯಾಯಿತು. "ಅಗೋ, ಅಲ್ಲಾಡ್ಬ್ಯಾಡ" ಎಂದು ಅತ್ತೆ ನನ್ನ ತೋಳು ಚಿವುಟಿದರು. ಅವರೆ ಗಿಡಗಳ ಸಂದಿಯಲ್ಲಿ ಮೊಲ, ಒಂದು ಕಿವಿ ಹರಿದದ್ದು. ಹಣೆಯ ಮೇಲೊಂದು, ಕಿವಿಯ ಬುಡದಲ್ಲೊಂದು, ಸುಟ್ಟ ಹುಣಸೆಕಾಯಿಯಂಥ ಕರಿ ಕೊಂಬು. ಖುಷಿಗೆ ಫೋನಿನಲ್ಲಿ ಒಂದರ ಮೇಲೊಂದು ಫೋಟೊ ಹೊಡೆದೆ.

ಅವತ್ತೇ ಹಸುವಿಗೆ ಲಸಿಕೆ ಹಾಕಲು ಬಂದ ಪಶುವೈದ್ಯೆಗೆ ಎಲ್ಲರ ಎದುರು ಫೋಟೊ ತೋರಿಸಿದೆ. "ಇದು ಕೊಂಬಲ್ಲ" ಎಂದರು ಅವರು. "ನಮಗೆ ನರೂಲಿ ಆಗುತ್ತಲ್ಲ, ಆ ಥರ. ಮೊಲಗಳಿಗೆ ವೈರಸ್‌ನಿಂದ ಹೀಗಾಗೋದುಂಟು, ಸೊಳ್ಳೆ, ಉಣ್ಣೆ ಕಚ್ಚಿ ಹರಡುತ್ತೆ. ಇದೂ ಅದೇ ಅಂತ ಬರೀ ಫೋಟೊ ನೋಡಿ ಹೇಳೋಕಾಗಲ್ಲ. ಬಾಯಿ ಹತ್ರ ಬೆಳೆದ್ರೆ ಮೇಯೋಕಾಗದೆ ಸಾಯ್ತವೆ. ಕೆಲವಕ್ಕೆ ತಾನಾಗೇ ಉದುರಿಹೋಗುತ್ತೆ. ಹಿಡಿಯೋಕೆ ಮಾತ್ರ ಯಾರೂ ಹೋಗ್ಬೇಡಿ."

ಮಾವ ಎದ್ದು ನಿಂತರು. "ಕೇಳುದ್ಯಾ? ಕೊಂಬಲ್ವಂತೆ. ನಾನ್ ಮೊದ್ಲೇ ಹೇಳ್ಲಿಲ್ವಾ?"

"ನೀವ್ ಹಿಡ್ದಿದ್ ಮೊಲಕ್ಕೆ ಮೂರೇ ಕಾಲು ಬುಡಿ" ಎಂದ ಅತ್ತೆ ಕುಡುಗೋಲು ಎತ್ತಿಕೊಂಡು ಒಬ್ಬರೇ ಹೊಲಕ್ಕೆ ಹೊರಟರು. ನನ್ನ ಗಂಡ ತಡೆಯಲು ಎದ್ದರು. ನಾನು ಹಸುವಿನ ಹಗ್ಗವನ್ನು ಅವರ ಕೈಗಿಟ್ಟೆ.

ರಾಗಿ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆಯ ಫೋನು ಬಂತು. ಹೊಲದಿಂದಲೇ ಮಾಡಿದ್ದರು, ದನಿ ತಗ್ಗಿಸಿದ್ದರು. "ಅದೇ ಮೊಲ ಕಣಮ್ಮಿ, ಹರ್ದ ಕಿವೀದು. ಕೊಂಬು ಉದ್ರೋಗವೆ. ಚೆಂದಾಗ್ ಮೇಯ್ತಾ ಅದೆ."

ತಾಳಿ, ನಿಮ್ಮ ಮಗನಿಗೂ ಹೇಳುತ್ತೇನೆ ಎಂದೆ.

"ಅವ್ನಿಗ್ ಹೇಳ್ಬ್ಯಾಡ" ಎಂದರು ಅತ್ತೆ. "ಇದ್ದ ಕೊಂಬು ಈಗ ಕಾಣ್ತಿಲ್ಲ ಅಂದ್ರೆ, ಮತ್ತೆ ಕಣ್ಣಿನ್ ಡಾಕ್ಟ್ರತ್ರ ಕರ್ಕೊಂಡೋಯ್ತಾನೆ."